ಮಾತನಾಡುವ ಪಾತ್ರಕ್ಕೆ ನೆನಪು ಬೇಕು

ನಾಟಕವನ್ನು ಬರೆಯುವವನಿಗೂ ಗಣಕಯಂತ್ರಕ್ಕಾಗಿ ಕಥೆಯ ಆಟವನ್ನು ಕಟ್ಟುವವನಿಗೂ ಒಂದು ಕೆಲಸ ಸಮಾನವಾದುದು: ಪಾತ್ರಗಳ ಬಾಯಲ್ಲಿ ತಕ್ಕ ಮಾತನ್ನು ಇಡಬೇಕು. ಆದರೆ ನಾಟಕಕಾರನಿಗಿರುವ ಒಂದು ಅನುಕೂಲ ಆಟವನ್ನು ಕಟ್ಟುವವನಿಗೆ ಇಲ್ಲ. ನಾಟಕದಲ್ಲಿ ಎರಡನೆಯ ಅಂಕವು ಮೊದಲನೆಯದರ ತರುವಾಯವೇ ಬರುವುದು. ಯಾರು ಯಾರನ್ನು ಯಾವಾಗ ಸಂಧಿಸುವರೆಂಬುದು ಮೊದಲೇ ಗೊತ್ತು. ಆಟದಲ್ಲಿ ಹಾಗಲ್ಲ. ಆಡುವವನು ಊರನ್ನು ಹೊಕ್ಕಮೇಲೆ ಮೊದಲು ಪೂಜಾರಿಯನ್ನು ಕಾಣುವನೋ, ಕಮ್ಮಾರನನ್ನು ಕಾಣುವನೋ, ಯಾರೊಡನೆಯೂ ಮಾತನಾಡದೆ ಕಾಡಿನ ದಾರಿ ಹಿಡಿಯುವನೋ, ಬರೆದವನಿಗೆ ತಿಳಿಯದು. ಅವನು ಊಹಿಸದ ಕ್ರಮದಲ್ಲಿ, ಅವನಿಲ್ಲದ ವೇಳೆಯಲ್ಲಿ, ಅವನ ಪಾತ್ರಗಳು ಅಪರಿಚಿತನೊಬ್ಬನಿಗೆ ಉತ್ತರ ಕೊಡಬೇಕಾಗಿದೆ.

ಆಡುವವನು ಕಥೆಯೊಳಗಿನ ಒಂದು ಪಾತ್ರವನ್ನು ತಾನೇ ವಹಿಸಿಕೊಂಡು ಮುಂದುವರಿಯುವ ಇಂಥ ಆಟಗಳಿಗೆ 'ರೋಲ್ ಪ್ಲೇಯಿಂಗ್' ಆಟಗಳೆಂದು ಹೆಸರು. ದೊಡ್ಡ ಸಂಸ್ಥೆಗಳು ನೂರಾರು ಜನರನ್ನು ಕೂಡಿಸಿ ಇವನ್ನು ತಯಾರಿಸುವುದುಂಟು. ಊರೂರಲ್ಲಿ ಹವ್ಯಾಸಿ ನಾಟಕ ಸಂಘಗಳಿರುವಂತೆ, ಒಬ್ಬರೋ ಇಬ್ಬರೋ ಬಿಡುವಿನ ವೇಳೆಯಲ್ಲಿ ಕುಳಿತು ಕಟ್ಟುವ ಹವ್ಯಾಸಿ ಆಟಗಳೂ ಲೋಕದಲ್ಲಿ ಸಾವಿರಾರು ಇವೆ. ಅವುಗಳಲ್ಲಿ ಬಹುಪಾಲು ಆಟಗಳ ಮಾತುಕತೆ ಸಪ್ಪೆ ಎಂಬುದು ಆಡಿದವರ ಸಾಮಾನ್ಯ ದೂರು. ಬರೆದವರಿಗೆ ಭಾಷೆ ಸಾಲದು, ಸಾಹಿತ್ಯ ತಿಳಿಯದು ಎಂದು ಕೆಲವರು ಕಾರಣ ಹೇಳುವರು. ನಮ್ಮ ಅಭಿಪ್ರಾಯ ಬೇರೆ. ಈ ಆಟಗಳಲ್ಲಿ ಮಾತು ಸತ್ತಂತೆ ತೋರಲು ಮುಖ್ಯ ಕಾರಣ ಪಾತ್ರಗಳ ಮರೆವು. ಈ ಮರೆವಿಗೆ ಔಷಧವುಂಟು. ಅದು ದುಬಾರಿಯಾದುದೂ ಅಲ್ಲ. ವಿಜ್ಞಾನದ ವಿದ್ಯಾರ್ಥಿಗೆ ಅದು ಸುಲಭವಾಗಿ ತಿಳಿಯತಕ್ಕದ್ದು ಎಂಬುದನ್ನು ಇಲ್ಲಿ ತೋರಿಸಲು ಯತ್ನಿಸುವೆವು.

ಮೇಜಿನಿಂದ ಯಂತ್ರಕ್ಕೆ

ಈ ಬಗೆಯ ಆಟ ಹುಟ್ಟಿದ್ದು ಗಣಕಯಂತ್ರದಲ್ಲಿ ಅಲ್ಲ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಮೇಜಿನ ಸುತ್ತ ಕುಳಿತ ಗೆಳೆಯರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸುವರು. ಅವರ ಪೈಕಿ ಒಬ್ಬನು ಸೂತ್ರಧಾರನಾಗಿ ಉಳಿದೆಲ್ಲ ಜನರ ಪರವಾಗಿ ಮಾತನಾಡುವನು. ನೀವು ಕಾವಲುಗಾರನನ್ನು ಬೈದಿದ್ದರೆ, ಮರುದಿನ ಅದೇ ಬಾಗಿಲಿಗೆ ಬಂದಾಗ ಸೂತ್ರಧಾರನು ಅದನ್ನು ನೆನಪಿಟ್ಟು ಕಾವಲುಗಾರನಿಂದ ತಕ್ಕ ಉತ್ತರವನ್ನೇ ಕೊಡಿಸುವನು. ಆಟದ ಜೀವ ಅಲ್ಲಿತ್ತು.

ಗಣಕಯಂತ್ರವು ಈ ಆಟವನ್ನು ತನ್ನೊಳಕ್ಕೆ ತೆಗೆದುಕೊಂಡಾಗ ದಾಳಗಳನ್ನೂ ಲೆಕ್ಕಗಳನ್ನೂ ಸುಲಭವಾಗಿ ತೆಗೆದುಕೊಂಡಿತು. ಕತ್ತಿಯ ಏಟು ಎಷ್ಟು, ಉಳಿದ ಪ್ರಾಣಶಕ್ತಿ ಎಷ್ಟು ಎಂಬ ಗಣಿತ ಯಂತ್ರಕ್ಕೆ ಹೇಳಿಮಾಡಿಸಿದ್ದು. ಸೂತ್ರಧಾರನ ಕಿವಿ ಮಾತ್ರ ಅದಕ್ಕೆ ಬರಲಿಲ್ಲ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ಅವರ 'ಅಲ್ಟಿಮಾ' ಮಾಲೆಯ ನಾಲ್ಕನೆಯ ಆಟದಲ್ಲಿ ಆಡುವವನು ಹೆಸರು, ಕಸುಬು ಮೊದಲಾದ ಪದಗಳನ್ನು ಬೆರಳಚ್ಚಿಸಿ ಊರಿನವರನ್ನು ಪ್ರಶ್ನಿಸಬಹುದಾಗಿತ್ತು. ಪಾತ್ರವು ಆ ಪದಕ್ಕೆ ಸಂಬಂಧಿಸಿದ ಉತ್ತರವನ್ನು ಹೇಳುತ್ತಿತ್ತು. 1986ರಲ್ಲಿ ಜಪಾನಿನಲ್ಲಿ ಯೂಜಿ ಹೋರಿಯವರು ರೂಪಿಸಿದ 'ಡ್ರ್ಯಾಗನ್ ಕ್ವೆಸ್ಟ್' ಇನ್ನೂ ಸರಳವಾದ ದಾರಿ ಹಿಡಿಯಿತು. ಊರಿನವರ ಬಳಿಗೆ ಹೋಗಿ ಮಾತನಾಡಿಸಿದರೆ ಅವರು ಒಂದೆರಡು ವಾಕ್ಯ ಹೇಳುವರು. ಅದರಲ್ಲಿ ಮುಂದಿನ ದಾರಿಯ ಸುಳಿವು ಅಡಗಿರುವುದು.

ಈ ಎರಡನೆಯ ಮಾದರಿಯೇ ಹವ್ಯಾಸಿಗಳ ಕೈಗೆ ಬಂದಿತು. ಜಪಾನಿನ ಆಸ್ಕಿ ಎಂಬ ಸಂಸ್ಥೆ 1992ರಲ್ಲಿ, ಕ್ರಮವಿಧಿ ಬರೆಯಲು ತಿಳಿಯದವರೂ ಆಟವನ್ನು ಕಟ್ಟುವಂತೆ ಒಂದು ಸಲಕರಣೆಯನ್ನು ಹೊರತಂದಿತು. ಅದರ ಮುಂದಿನ ರೂಪಗಳು 'ಆರ್‌ಪಿಜಿ ಮೇಕರ್' ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಗಿವೆ. ಚೌಕುಳಿಗಳನ್ನು ಜೋಡಿಸಿ ಊರನ್ನು ಮಾಡಬಹುದು, ಅದರಲ್ಲಿ ಜನರನ್ನು ನಿಲ್ಲಿಸಬಹುದು, ಪ್ರತಿಯೊಬ್ಬರಿಗೂ ಮಾತನ್ನು ಕೊಡಬಹುದು. ಮಾತು ಕಾಣಿಸುವುದು ತೆರೆಯ ಕೆಳಭಾಗದ ಚೌಕಟ್ಟಿನಲ್ಲಿ, ಒಮ್ಮೆಗೆ ನಾಲ್ಕು ಸಾಲು ಮಾತ್ರ. ನಾಲ್ಕು ಸಾಲಿನ ಈ ಕಿಟಕಿಯಲ್ಲಿ ಇಡೀ ಮನುಷ್ಯನೊಬ್ಬನು ಕಾಣಬೇಕು.

ಒಂದು ಸ್ವಿಚ್ಚಿನ ಬೆಲೆ

ಉದಾಹರಣೆಗೆ, ಒಬ್ಬ ವಿದ್ಯಾರ್ಥಿ ತನ್ನ ಆಟದಲ್ಲಿ ಬಾವಿಕಟ್ಟೆಯ ಬಳಿ ಒಬ್ಬ ಮುದುಕಿಯನ್ನು ನಿಲ್ಲಿಸಿದ್ದಾನೆಂದು ಭಾವಿಸೋಣ. ಅವಳ ಕರು ಕಾಡಿನಲ್ಲಿ ತಪ್ಪಿಸಿಕೊಂಡಿದೆ. ಮಾತನಾಡಿಸಿದರೆ ಅವಳು ಕರುವಿನ ವಿಷಯ ಹೇಳಿ ಗೋಳಾಡುವಳು. ಆಡುವವನು ಕಾಡಿಗೆ ಹೋಗಿ, ಹುಲಿಯ ಬಾಯಿಂದ ಕರುವನ್ನು ಬಿಡಿಸಿ ತಂದು ಅವಳ ಕೊಟ್ಟಿಗೆಯಲ್ಲಿ ಕಟ್ಟಿದನು. ಮತ್ತೆ ಹೋಗಿ ಮಾತನಾಡಿಸಿದರೆ ಮುದುಕಿ ಕಣ್ಣೀರು ಸುರಿಸುತ್ತ ಅದೇ ಹಳೆಯ ಗೋಳನ್ನೇ ಹೇಳುವಳು! ಅವಳ ಮೊದಲ ಮಾತು ಎಷ್ಟೇ ರಸವತ್ತಾಗಿರಲಿ, ಆ ಕ್ಷಣದಲ್ಲಿ ಅವಳು ಹೆಂಗಸಾಗಿ ಉಳಿಯದೆ ಮಾತನಾಡುವ ಗೊಂಬೆಯಾಗಿಬಿಡುವಳು. ಹವ್ಯಾಸಿ ಆಟಗಳಲ್ಲಿ ನಿತ್ಯವೂ ಕಾಣುವ ದೋಷ ಇದು.

ಇದನ್ನು ಸರಿಪಡಿಸಲು ಬೇಕಾದದ್ದು ಏನು? ಮೇಲೆ ಹೇಳಿದ ಸಲಕರಣೆಯಲ್ಲಿ 'ಸ್ವಿಚ್ಚು' ಎಂಬುದೊಂದಿದೆ. ಮನೆಯ ದೀಪದ ಸ್ವಿಚ್ಚಿನಂತೆ ಅದಕ್ಕೆ ಎರಡೇ ಸ್ಥಿತಿಗಳು: ಇದೆ, ಇಲ್ಲ. ಗಣಕಶಾಸ್ತ್ರದಲ್ಲಿ ಇಷ್ಟು ಸಣ್ಣ ತಿಳಿವಳಿಕೆಗೆ ಒಂದು ಬಿಟ್ ಎಂದು ಹೆಸರು. ಇದಕ್ಕಿಂತ ಕಡಿಮೆಯ ನೆನಪು ಎಂಬುದಿಲ್ಲ. ಕರು ಸಿಕ್ಕಿದಾಗ ಸ್ವಿಚ್ಚನ್ನು ಹಾಕಬೇಕು; ಮುದುಕಿ ಬಾಯಿ ತೆರೆಯುವ ಮೊದಲು ಸ್ವಿಚ್ಚನ್ನು ನೋಡಬೇಕು; ಹಾಕಿದ್ದರೆ ಒಂದು ಮಾತು, ಇಲ್ಲದಿದ್ದರೆ ಇನ್ನೊಂದು. ಎಣಿಕೆ ಬೇಕಾದ ಕಡೆಗಳಲ್ಲಿ, ಉದಾಹರಣೆಗೆ ಆಡುವವನು ಎಷ್ಟು ಸಲ ಸುಳ್ಳು ಹೇಳಿದನೆಂಬುದನ್ನು ಗುರುತಿಟ್ಟುಕೊಳ್ಳಲು, ಬೀಜಗಣಿತದ ಚರಾಕ್ಷರದಂಥ ಒಂದು ಸಂಖ್ಯೆಯನ್ನು ಇಟ್ಟುಕೊಳ್ಳಬಹುದು. ಸಲಕರಣೆ ಒದಗಿಸುವ ನೆನಪಿನ ಸಾಧನ ಬಹುಮಟ್ಟಿಗೆ ಇಷ್ಟೇ. ಸಾಮಾನ್ಯವಾದ ಆಟಕ್ಕೆ ಇಷ್ಟು ಸಾಕು.

ಮುದುಕಿಯ ಕೃತಜ್ಞತೆ ಆಡುವವನಿಗೆ ನಿರೀಕ್ಷಿತವೇ ಆದುದರಿಂದ ಅದರಲ್ಲಿ ಆಶ್ಚರ್ಯ ಕಡಿಮೆ. ಅದೇ ಸ್ವಿಚ್ಚನ್ನು ಬೀದಿಯ ಕೊನೆಯಲ್ಲಿರುವ ಕಮ್ಮಾರನೂ ನೋಡುವಂತೆ ಮಾಡಿ, ಮುದುಕಿಯ ಕರುವಿನ ಸುದ್ದಿ ತನ್ನ ಕಿವಿಗೂ ಬಿದ್ದಿತೆಂದು ಅವನಿಂದ ಒಂದು ಮಾತು ಹೇಳಿಸಿದರೆ ಊರಿನ ರೂಪವೇ ಬದಲಾಗುವುದು. ಆಗ ಆಡುವವನಿಗೆ, ತನ್ನ ಬೆನ್ನ ಹಿಂದೆ ಈ ಜನ ಪರಸ್ಪರ ಮಾತನಾಡಿಕೊಳ್ಳುವರೆಂಬ ಭಾವನೆ ಬರುವುದು. ಹೊಸದಾಗಿ ಖರ್ಚಾದದ್ದು ಒಂದೇ ವಾಕ್ಯ, ಸ್ವಿಚ್ಚು ಹಳೆಯದೇ.

ಕವಲುಗಳ ಗಣಿತ

ಇಲ್ಲಿ ಇನ್ನೊಂದು ಪಕ್ಷದವರನ್ನು ಎದುರಿಸಬೇಕಾಗಿದೆ. ಮಾತುಕತೆ ಜೀವಂತವಾಗಬೇಕಾದರೆ ಆಡುವವನಿಗೆ ಹೆಚ್ಚು ಹೆಚ್ಚು ಆಯ್ಕೆಗಳನ್ನು ಕೊಡಬೇಕು, ಪ್ರತಿ ಆಯ್ಕೆಯೂ ಬೇರೆ ಕಥೆಗೆ ಒಯ್ಯಬೇಕು ಎಂಬುದು ಅವರ ವಾದ. ಕೇಳಲು ಇದು ಇಂಪಾಗಿದೆ. ಲೆಕ್ಕ ಹಾಕಿದರೆ ಇದರ ಅಸಾಧ್ಯತೆ ತಿಳಿಯುವುದು.

ಒಂದು ಸಂಭಾಷಣೆಯಲ್ಲಿ ಪಾತ್ರದ ಪ್ರತಿ ಮಾತಿಗೂ ಎರಡು ಆಯ್ಕೆಗಳು, ಪ್ರತಿ ಆಯ್ಕೆಗೂ ಬೇರೆ ಉತ್ತರ, ಹೀಗೆ ಹತ್ತು ಹಂತ ಎಂದು ಇಟ್ಟುಕೊಳ್ಳೋಣ. ಮೊದಲು 1, ಆಮೇಲೆ 2, 4, 8 ಎಂದು ಬೆಳೆದು ಹತ್ತನೆಯ ಹಂತದಲ್ಲಿ 1,024 ಉತ್ತರಗಳಾಗುವುವು, ಒಟ್ಟು 2,047. ಒಂದೊಂದನ್ನು ಬರೆದು ತಿದ್ದಲು ಕಾಲು ಗಂಟೆ ಎಂದರೂ ಸುಮಾರು 512 ಗಂಟೆ ಬೇಕು. ದಿನಕ್ಕೆರಡು ಗಂಟೆ ದುಡಿಯುವ ವಿದ್ಯಾರ್ಥಿಗೆ ಇದು 256 ದಿನಗಳ ಕೆಲಸ, ಅದೂ ಒಬ್ಬ ಪಾತ್ರದ ಒಂದು ಸಂಭಾಷಣೆಗೆ. ಇಷ್ಟೆಲ್ಲ ಬರೆದರೂ ಒಮ್ಮೆ ಆಡಿದವನು ಕಾಣುವುದು 11 ಮಾತುಗಳನ್ನು ಮಾತ್ರ. ನೂರರಲ್ಲಿ ಒಂದು ಪಾಲೂ ಇಲ್ಲ. ಹವ್ಯಾಸಿಗಳ ಎಷ್ಟೋ ಆಟಗಳು ಅರ್ಧಕ್ಕೇ ನಿಂತುಹೋಗಲು ಇಂಥ ಮಹತ್ವಾಕಾಂಕ್ಷೆಯೂ ಒಂದು ಕಾರಣವೆಂದು ನಾವು ನಂಬುವೆವು.

ಇದಕ್ಕೆ ಪ್ರತಿಯಾಗಿ, ನದಿಯ ಕವಲುಗಳು ನಡುಗಡ್ಡೆಯನ್ನು ಬಳಸಿ ಮತ್ತೆ ಕೂಡುವಂತೆ, ಪ್ರತಿ ಆಯ್ಕೆಯ ಬಳಿಕ ಸಂಭಾಷಣೆ ಮತ್ತೆ ಒಂದಾಗಲಿ. ಹತ್ತು ಪ್ರಶ್ನೆಗಳು, ಒಂದೊಂದಕ್ಕೆ ಎರಡೆರಡು ಉತ್ತರಗಳು: ಒಟ್ಟು 30 ಮಾತುಗಳು, ಏಳೂವರೆ ಗಂಟೆಗಳ ಕೆಲಸ. ಕೂಡುವ ಮುನ್ನ ಆಡುವವನು ಆರಿಸಿದ್ದನ್ನು ಒಂದು ಸ್ವಿಚ್ಚಿನಲ್ಲಿ ಗುರುತಿಟ್ಟುಕೊಳ್ಳಬೇಕು. ಹತ್ತು ಸ್ವಿಚ್ಚುಗಳಿಂದ ಅದೇ 1,024 ಬಗೆಯ ಪೂರ್ವಚರಿತ್ರೆಗಳು ಯಂತ್ರದ ನೆನಪಿನಲ್ಲಿ ಉಳಿಯುವುವು. ಮುಂದೆ ತಕ್ಕ ಸಮಯದಲ್ಲಿ ಅವುಗಳನ್ನು ನೋಡಿ ಆಡುವ ಇನ್ನೂ ಮೂವತ್ತು ಮಾತುಗಳನ್ನು ಬರೆದರೂ ಒಟ್ಟು ಹದಿನೈದು ಗಂಟೆಗಳಲ್ಲಿ ಮುಗಿಯುವುದು. ಒಂದೇ ಸಮಯಕ್ಕೆ ಹಲವು ಮಾತುಗಳು ಸಲ್ಲುವಂತಿದ್ದರೆ, ಅತಿ ಹೆಚ್ಚು ಷರತ್ತುಗಳಿಗೆ ಹೊಂದುವ ಮಾತನ್ನೇ ಪಾತ್ರವು ಆಡಲಿ ಎಂಬ ನಿಯಮ ಸಾಕು. ಏಕೆಂದರೆ ಮನುಷ್ಯರೂ ಪರಿಚಿತರನ್ನು ಕಂಡಾಗ ಸಾಮಾನ್ಯವಾದ ಮಾತಿಗಿಂತ ಮೊದಲು ವಿಶೇಷವಾದ ಸಂಗತಿಯನ್ನೇ ಎತ್ತುವರು.

ಎರಡು ಸಾಕ್ಷಿಗಳು

ಇದು ಬರಿಯ ಲೆಕ್ಕಾಚಾರವಲ್ಲ. ಅಮೆರಿಕದ ಟೋಬಿ ಫಾಕ್ಸ್ ಎಂಬ ಯುವಕ 2015ರಲ್ಲಿ 'ಅಂಡರ್‌ಟೇಲ್' ಎಂಬ ಆಟವನ್ನು ಹೊರತಂದರು. ಬರವಣಿಗೆ, ಕ್ರಮವಿಧಿ, ಸಂಗೀತ ಬಹುಪಾಲು ಅವರೊಬ್ಬರವೇ. ಚಿತ್ರಗಳಿಗೆ ಟೆಮ್ಮಿ ಚಾಂಗ್ ಎಂಬ ಕಲಾವಿದೆ ನೆರವಾದರು. ಈ ಆಟದಲ್ಲಿ ಎದುರಾದ ರಾಕ್ಷಸರನ್ನು ಕೊಲ್ಲಲೂಬಹುದು, ಮಾತಿನಿಂದ ಒಲಿಸಿ ಬಿಡಲೂಬಹುದು. ಆರಂಭದಲ್ಲಿಯೇ ಟೊರಿಯೆಲ್ ಎಂಬ ತಾಯಿಯಂಥ ಪಾತ್ರವು ಆಡುವವನನ್ನು ಅಕ್ಕರೆಯಿಂದ ಕಾಪಾಡುವುದು. ಮುಂದೆ ಹೊರಡಬೇಕಾದರೆ ಅವಳನ್ನೇ ಎದುರಿಸಬೇಕು. ಕೈತಪ್ಪಿ ಅವಳನ್ನು ಕೊಂದ ಅನೇಕರು ಪಶ್ಚಾತ್ತಾಪಪಟ್ಟು, ಮೊದಲು ಉಳಿಸಿಟ್ಟಿದ್ದ ಸ್ಥಿತಿಗೆ ಆಟವನ್ನು ಹಿಂದಿರುಗಿಸಿ, ಈ ಸಲ ಅವಳನ್ನು ಉಳಿಸುವರು. ಆದರೆ ಸ್ವಲ್ಪ ಮುಂದೆ ಫ್ಲವಿ ಎಂಬ ಹೂವಿನ ಪಾತ್ರವು, ನೀನು ಮೊದಲು ಮಾಡಿದ್ದು ನನಗೆ ಗೊತ್ತು ಎಂಬರ್ಥದಲ್ಲಿ ಹಂಗಿಸುವುದು! ಆಟವನ್ನು ಉಳಿಸಿಡುವ ಕಡತವಲ್ಲದೆ ಬೇರೊಂದು ಕಡತದಲ್ಲಿಯೂ ಆ ಒಂದು ಸಂಗತಿಯನ್ನು ಬರೆದಿಟ್ಟಿರುವುದೇ ಇದರ ಗುಟ್ಟು. ಯಂತ್ರದ ಲೆಕ್ಕದಲ್ಲಿ ಅತ್ಯಲ್ಪವಾದ ಈ ನೆನಪು ಆಡುವವನ ಮನಸ್ಸಾಕ್ಷಿಯನ್ನು ಮುಟ್ಟುವುದು.

ಎರಡನೆಯ ಸಾಕ್ಷಿ 2011ರ 'ಟು ದ ಮೂನ್'. ಕೆನಡಾದ ಕಾನ್ ಗಾವೊ ಅವರು ಇದನ್ನು ಆರ್‌ಪಿಜಿ ಮೇಕರ್‌ನಿಂದಲೇ ಕಟ್ಟಿದರು. ಯುದ್ಧವೆಂಬುದು ಇಲ್ಲಿ ಇಲ್ಲವೆನ್ನಬಹುದು. ಸಾವಿನ ಅಂಚಿನಲ್ಲಿರುವ ಜಾನಿ ಎಂಬ ವೃದ್ಧನ ಕೊನೆಯ ಆಸೆ ಚಂದ್ರಲೋಕಕ್ಕೆ ಹೋಗುವುದು. ಏಕೆಂಬುದು ಅವನಿಗೇ ತಿಳಿಯದು. ಇಬ್ಬರು ವೈದ್ಯರು ಅವನ ನೆನಪುಗಳೊಳಗೆ ಹೊಕ್ಕು ಮುಪ್ಪಿನಿಂದ ಬಾಲ್ಯದ ಕಡೆಗೆ ಹಿಮ್ಮುಖವಾಗಿ ನಡೆಯುವರು. ಅವನ ಹೆಂಡತಿ ರಿವರ್ ಕಾಗದದ ಮೊಲಗಳನ್ನು ಮಡಿಸಿ ಮಡಿಸಿ ರಾಶಿ ಹಾಕಿದ್ದಾಳೆ; ಒಂದು ಮೊಲವನ್ನು ಗಂಡನಿಗೆ ತೋರಿಸಿ ಅದು ಹೇಗಿದೆಯೆಂದು ಪದೇ ಪದೇ ವಿಚಾರಿಸುವಳು. ಮೊದಲು ಕೇಳಿದಾಗ ಆ ಪ್ರಶ್ನೆ ಒಗಟು. ಹಿಂದಿನ ದಿನಗಳು ಒಂದೊಂದಾಗಿ ತೆರೆದಂತೆ ಅದೇ ಪ್ರಶ್ನೆ ಎದೆಯನ್ನು ಹಿಂಡುವುದು. ಕಾರಣವನ್ನು ಹೇಳಿ ಇನ್ನೂ ಆಡದವರ ಸುಖವನ್ನು ಕೆಡಿಸುವುದಿಲ್ಲ. ಇಲ್ಲಿ ಆಯ್ಕೆಗಳು ಇಲ್ಲವೆಂಬಷ್ಟು ಕಡಿಮೆ. ನೆನಪಿನ ಭಾರವನ್ನು ಯಂತ್ರದ ಬದಲಾಗಿ ಆಡುವವನೇ ಹೊರುವನು. ಮಾತುಗಳು ಒಂದನ್ನೊಂದು ನೆನೆದರೆ ಸಾಕು, ನಾಲ್ಕು ಸಾಲಿನ ಕಿಟಕಿಯಲ್ಲಿಯೂ ಇಂಥ ಪರಿಣಾಮ ಸಾಧ್ಯವೆಂಬುದಕ್ಕೆ ಈ ಆಟ ಪ್ರಮಾಣ.

ಯಂತ್ರವೇ ಮಾತನಾಡಿದರೆ?

ಇಂದು ಭಾಷೆಯನ್ನು ತಾನೇ ಹೆಣೆಯುವ ಗಣಕಯಂತ್ರಗಳು ಬಂದಿವೆ. ಪಾತ್ರಗಳ ಮಾತನ್ನು ಅವುಗಳಿಗೇ ಒಪ್ಪಿಸಬಾರದೇಕೆ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೂ ಹಳೆಯ ಚರಿತ್ರೆಯುಂಟು. ಅಮೆರಿಕದ ಎಂ.ಐ.ಟಿ.ಯಲ್ಲಿ ಜೋಸೆಫ್ ವೈಜನ್‌ಬಾಮ್ ಅವರು 1966ರಲ್ಲಿ 'ಎಲೈಜಾ' ಎಂಬ ಕ್ರಮವಿಧಿಯನ್ನು ವಿವರಿಸಿದರು. ಅದು ಬಳಕೆದಾರನ ವಾಕ್ಯದಲ್ಲಿನ ಕೆಲವು ಪದಗಳನ್ನು ಹಿಡಿದು, ಅದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು. ಅರ್ಥವೆಂಬುದು ಅದಕ್ಕೆ ಲವಲೇಶವೂ ಇರಲಿಲ್ಲ. ಆದರೂ ಅವರ ಕಾರ್ಯದರ್ಶಿಯು ಯಂತ್ರದೊಡನೆ ಸ್ವಲ್ಪ ಮಾತನಾಡಿದ ಮೇಲೆ, ತಾವು ಕೋಣೆಯಿಂದ ಹೊರಗೆ ಹೋಗಿರೆಂದು ಅವರನ್ನೇ ಕೇಳಿಕೊಂಡರಂತೆ. ವೈಜನ್‌ಬಾಮ್ ಅವರು ಇದನ್ನು 1976ರ ತಮ್ಮ ಗ್ರಂಥದಲ್ಲಿ ಬರೆದಿದ್ದಾರೆ. ಗಮನಿಸಬೇಕಾದ ಇನ್ನೊಂದು ಸಂಗತಿಯುಂಟು. ಹೊಸ ಮಾತಿನಲ್ಲಿ ಹಿಡಿಯತಕ್ಕ ಪದ ಸಿಕ್ಕದಿದ್ದಾಗ ಎಲೈಜಾ, ಬಳಕೆದಾರನು ತನ್ನ ವಿಷಯವಾಗಿ ಮೊದಲು ಹೇಳಿದ್ದ ಮಾತೊಂದನ್ನು ನೆನಪಿನಿಂದ ತೆಗೆದು ಮುಂದಿಡುತ್ತಿತ್ತು. ಅರ್ಥವಾಗದಿದ್ದರೂ ನೆನಪಿಟ್ಟುಕೊಂಡವನನ್ನು ನಾವು ಕೇಳುಗನೆಂದು ಭ್ರಮಿಸುವೆವು.

ಈಗಿನ ಯಂತ್ರಗಳ ವಾಕ್ಚಾತುರ್ಯ ಎಲೈಜಾಗಿಂತ ಬಹುಮಡಿ ಹೆಚ್ಚಿನದು. ಆದರೆ ಕಥೆಯ ಆಟದಲ್ಲಿ ಮಾತಿನ ಹೊಳೆ ಹರಿದರೆ ಸಾಲದು. ಮಾತಿಗೂ ಆಟದ ಲೋಕಕ್ಕೂ ಸಂಬಂಧವಿರಬೇಕು. ಕಾವಲುಗಾರನು ನಾಳೆ ಕೋಟೆಯ ಬಾಗಿಲು ತೆರೆಯುವೆನೆಂದು ಸೊಗಸಾಗಿ ಮಾತು ಕೊಟ್ಟು, ಆ ಬಾಗಿಲಿಗೆ ಸ್ವಿಚ್ಚೇ ಇಲ್ಲದಿದ್ದರೆ ಆಡುವವನು ಮೋಸಹೋದಂತೆಯೇ ಸರಿ. ಮೇಲಾಗಿ ಹವ್ಯಾಸಿಯ ಆನಂದವಿರುವುದು ಆ ಮುದುಕಿ ಏನು ಹೇಳುವಳೆಂದು ತಾನೇ ಕುಳಿತು ಯೋಚಿಸುವುದರಲ್ಲಿ. ಅದನ್ನು ಬಿಟ್ಟುಕೊಟ್ಟರೆ ಉಳಿಯುವುದು ಚೌಕುಳಿಗಳ ಜೋಡಣೆ ಮಾತ್ರ.

ಕನ್ನಡದಲ್ಲಿ ಕಟ್ಟುವವರಿಗೆ

ನಮ್ಮ ವಿದ್ಯಾರ್ಥಿಗಳು ಇಂಥ ಆಟಗಳನ್ನು ಕನ್ನಡದಲ್ಲಿ ಕಟ್ಟಲು ಹೊರಟರೆ ಎರಡು ಅಡಚಣೆಗಳು ಎದುರಾಗುವುವು. ಮೊದಲನೆಯದು ಲಿಪಿಯದು. ಗಣಕಯಂತ್ರದಲ್ಲಿ 'ಸ್ತ್ರೀ' ಎಂಬ ಒಂದು ಅಕ್ಷರವು ಆರು ಸಂಕೇತಗಳ ಸರಪಳಿ. ಆರ್‌ಪಿಜಿ ಮೇಕರ್‌ನ ಹಲವು ಆವೃತ್ತಿಗಳಂಥ ಸಲಕರಣೆಗಳು ಮಾತನ್ನು ಸಂಕೇತಕ್ಕೊಂದರಂತೆ ಬಿಡಿಬಿಡಿಯಾಗಿ ತೆರೆಯ ಮೇಲೆ ಬರೆಯುವುದರಿಂದ ನಮ್ಮ ಒತ್ತಕ್ಷರಗಳು ಚೂರುಚೂರಾಗುವುವು. ಸಂಯುಕ್ತಾಕ್ಷರಗಳನ್ನು ಕೂಡಿಸಬಲ್ಲ ಸಲಕರಣೆಗಳೂ ಈಗ ಇವೆ. 2023ರಲ್ಲಿ ಹೊರಬಂದ 'ಗೋಡೋ'ದ ನಾಲ್ಕನೆಯ ಆವೃತ್ತಿ ಅವುಗಳಲ್ಲಿ ಒಂದು, ಅದಕ್ಕೆ ಹಣ ಕೊಡಬೇಕಾಗಿಯೂ ಇಲ್ಲ.

ಎರಡನೆಯದು ವ್ಯಾಕರಣದ್ದು. ಆಡುವವನು ತನ್ನ ಪಾತ್ರಕ್ಕೆ ಇಷ್ಟಬಂದ ಹೆಸರನ್ನು ಇಡಬಹುದು. ಸಲಕರಣೆ ಆ ಹೆಸರನ್ನು ವಾಕ್ಯದ ನಡುವೆ ಸೇರಿಸುವುದು. ಇಂಗ್ಲಿಷಿನಲ್ಲಿ ಇದು ಸುಲಭ. ಕನ್ನಡದಲ್ಲಿ ರಮೇಶನಿಗೆ, ಲೀಲಾಳಿಗೆ, ಹರಿಗೆ ಎಂದು ವಿಭಕ್ತಿಯ ರೂಪ ಹೆಸರಿನಿಂದ ಹೆಸರಿಗೆ ಬದಲಾಗುವುದು. ಬಂದನು, ಬಂದಳು ಎಂದು ಕ್ರಿಯಾಪದವೂ ಬದಲಾಗುವುದು. ಆದರೆ ಅಡಚಣೆಯಿರುವ ಕಡೆಯೇ ಸಂಪತ್ತೂ ಇದೆ. ನಮ್ಮ ಊರುಗಳಲ್ಲಿ ಮುದುಕಿ ಎದುರಿಗಿದ್ದ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ ಹೆಸರು ಹಿಡಿದು ಕರೆಯಬೇಕೆಂದಿಲ್ಲ. 'ಮಗೂ' ಎಂದರೆ ಸಾಕು. ಹೆಸರೂ ಬೇಡ, ಲಿಂಗವೂ ಬೇಡ, ಅಕ್ಕರೆಯೂ ಬಂದಿತು. ಇನ್ನು 'ನೀನು' ಮತ್ತು 'ನೀವು' ಎಂಬ ಭೇದವನ್ನು ನೋಡಿರಿ. ಮೊದಲ ಭೇಟಿಯಲ್ಲಿ ನೀವು ಎನ್ನುತ್ತಿದ್ದ ಕಮ್ಮಾರನು, ಆಡುವವನು ಅವನ ಕಷ್ಟದಲ್ಲಿ ನೆರವಾದ ಮೇಲೆ ಒಮ್ಮೆ ನೀನು ಎಂದುಬಿಟ್ಟರೆ ಅವರ ಗೆಳೆತನವನ್ನು ಬೇರೆ ವರ್ಣಿಸಬೇಕಾಗಿಲ್ಲ. ಜಗಳದ ಬಳಿಕ ಆ ನೀನು ಮತ್ತೆ ತಣ್ಣನೆಯ ನೀವು ಆದರೆ ಆಡುವವನು ತೆರೆಯ ಮುಂದೆ ಒಂದು ಕ್ಷಣ ಸುಮ್ಮನೆ ಕುಳಿತುಬಿಡುವನು. ಇಂದಿನ ಇಂಗ್ಲಿಷಿಗೆ ಈ ಸಾಧನವಿಲ್ಲ. ಒಂದು ಸ್ವಿಚ್ಚಿನಿಂದ ಇಷ್ಟನ್ನು ಹೇಳಬಲ್ಲ ಭಾಷೆ ನಮ್ಮದಾಗಿರುವಾಗ, ಪರಭಾಷೆಯ ಆಟಗಳಲ್ಲಿ ಕಂಡ ಸಂಭಾಷಣೆಯನ್ನು ಪದಕ್ಕೆ ಪದ ಇಳಿಸಿಕೊಳ್ಳುವುದು ಅವಿವೇಕ.

ಯಕ್ಷಗಾನ ತಾಳಮದ್ದಳೆಯನ್ನು ಕೇಳಿದವರಿಗೆ ನಮ್ಮ ವಾದ ಹೊಸದೆನಿಸಲಾರದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ್ಯದ ತರುವಾಯ ಅರ್ಥಧಾರಿಗಳ ಮಾತೇ ಎಲ್ಲವೂ. ಎಷ್ಟೇ ಪಾಂಡಿತ್ಯವಿದ್ದರೂ, ಎದುರಿಗಿರುವವನು ಈಗ ತಾನೇ ಆಡಿದ ಮಾತನ್ನು ಹಿಡಿದು ಉತ್ತರಿಸದೆ ಬಾಯಿಪಾಠ ಒಪ್ಪಿಸುವವನನ್ನು ಸಭೆ ಮೆಚ್ಚುವುದಿಲ್ಲ. ಆಟದ ಪಾತ್ರಕ್ಕೂ ಇದೇ ಒರೆಗಲ್ಲು.

ಆದುದರಿಂದ ಆಟ ಕಟ್ಟಬೇಕೆಂಬ ಆಸೆಯುಳ್ಳ ವಿದ್ಯಾರ್ಥಿಗಳು ಏಳು ರಾಜ್ಯಗಳ ಮಹಾಕಾವ್ಯವನ್ನು ಹಮ್ಮಿಕೊಳ್ಳಬೇಕಾಗಿಲ್ಲ. ಒಂದು ಊರು, ಐದು ಜನ, ಹತ್ತು ಸ್ವಿಚ್ಚುಗಳು ಸಾಕು. ಮೊದಲು ಒಂದು ಹಾಳೆಯಲ್ಲಿ ಅಡ್ಡಸಾಲಿಗೆ ಐವರ ಹೆಸರುಗಳನ್ನೂ ಉದ್ದಸಾಲಿಗೆ ಹತ್ತು ಘಟನೆಗಳನ್ನೂ ಬರೆದು ಕೋಷ್ಟಕ ಮಾಡಿರಿ. ಯಾವ ಘಟನೆ ಯಾರಿಗೆ ತಿಳಿಯುವುದು, ತಿಳಿದಾಗ ಅವರಿಗೆ ಸಂತೋಷವೋ ಭಯವೋ ಅಸೂಯೆಯೋ ಎಂಬುದನ್ನು ಚೌಕಚೌಕದಲ್ಲಿ ತುಂಬಿರಿ. ಐವತ್ತು ಚೌಕಗಳಲ್ಲಿ ಅರ್ಧ ಖಾಲಿ ಉಳಿದರೂ ಚಿಂತೆಯಿಲ್ಲ. ಎಲ್ಲ ಸುದ್ದಿಯೂ ಎಲ್ಲರಿಗೂ ತಿಳಿಯುವ ಊರಿಲ್ಲ. ಆಮೇಲೆ ಮಾತುಗಳನ್ನು ಬರೆಯಿರಿ. ಮುಗಿದ ಬಳಿಕ ಆಟವನ್ನು ಒಬ್ಬ ಗೆಳೆಯನ ಕೈಗೆ ಕೊಟ್ಟು, ಏನೂ ಹೇಳದೆ ಪಕ್ಕದಲ್ಲಿ ಕುಳಿತು ನೋಡಿರಿ. ಒಮ್ಮೆ ಮಾತನಾಡಿಸಿದ ಪಾತ್ರವನ್ನು ಅವನು ಬೇರೆ ಲಾಭವಿಲ್ಲದೆ ಎರಡನೆಯ ಸಲ ಮಾತನಾಡಿಸಲು ಹೋದರೆ, ನಿಮ್ಮ ಶ್ರಮ ಸಾರ್ಥಕವಾಯಿತೆಂದು ತಿಳಿಯಬಹುದು.